ನಾದಿನಿಯ ಆನ್‌ಲೈನ್ ಖೋಲಿ

ಮನೆಯಲ್ಲಿ ಒಬ್ಬರು ಆನ್‌ಲೈನ್ ವ್ಯಾಪಾರಕ್ಕೆ ಇಳಿದರೆ ಸಾಕು, ಉಳಿದವರು ನಗುವ ಪ್ರಸಂಗಗಳನ್ನು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗುವುದಿಲ್ಲ. ಅವು ಚಹಾದ ಹೊತ್ತಿಗೆ ಸರಿಯಾಗಿ ತಾವೇ ಬಂದು ಕೂರುತ್ತವೆ.

ನಾನು ಹಾವೇರಿಯ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಹೋದ ವರ್ಷ ನಮ್ಮ ಮನೆಯವರು ತೀರಿಕೊಂಡರು. ಅವರು ಮಾತುಗಾರರು, ನಾನಲ್ಲ. ಹೀಗಾಗಿ ಅವರು ಹೋದ ಮೇಲೆ ಮನೆಯಲ್ಲಿ ಮಾತು ಅರ್ಧಕ್ಕೆ ಇಳಿಯಲಿಲ್ಲ, ಪೂರ್ತಿ ನಿಂತಿತು. ಅವರ ತಂಗಿ, ಅಂದರೆ ನನ್ನ ನಾದಿನಿ, ಬ್ಯಾಡಗಿಯಲ್ಲಿದ್ದಾಳೆ. ಅಣ್ಣನ ಮಾತೆಲ್ಲ ಅವಳಿಗೇ ಬಂದಿದೆ. ಶನಿವಾರ ಬೆಳಗಿನ ಶಾಲೆ ಮುಗಿಸಿ ನಾನು ಮನೆಗೆ ಹೋಗದೆ ನೇರವಾಗಿ ಬ್ಯಾಡಗಿ ಬಸ್ಸು ಹತ್ತುತ್ತೇನೆ.

ನಾದಿನಿಯ ಮನೆಯಲ್ಲಿ ರಸ್ತೆಗೆ ಬಾಗಿಲಿರುವ ಒಂದು ಮುಂದಿನ ಖೋಲಿ ಇದೆ. ಅದರಲ್ಲಿ ಮೇಜು, ಫೋನು ನಿಲ್ಲಿಸುವ ಮೂರು ಕಾಲಿನ ಸ್ಟ್ಯಾಂಡು, ಎರಡು ಕುರ್ಚಿ ಇಟ್ಟುಕೊಂಡು ಅವಳು ಆನ್‌ಲೈನ್ ವ್ಯಾಪಾರ ಶುರು ಮಾಡಿದಳು. ಯಾವ ವ್ಯಾಪಾರ ಎಂಬುದು ಮಾತ್ರ ನಿರ್ಧಾರವಾಗಿರಲಿಲ್ಲ. ಅವಳ ಅತ್ತೆಗೆ ಇದು ಸರಿಬರಲಿಲ್ಲ. ರಾಣೇಬೆನ್ನೂರಿನ ಒಂದು ಬೀಜದ ಕಂಪನಿಗೆ ಮಂಡ್ಯ ಕಡೆಯಿಂದ ಹೊಸದಾಗಿ ಬಂದಿದ್ದ ಏಜೆಂಟರೊಬ್ಬರು ಬ್ಯಾಡಗಿಯಲ್ಲಿ ಬಾಡಿಗೆ ಖೋಲಿ ಹುಡುಕುತ್ತಿದ್ದರು. ಅತ್ತೆ ಅವರಿಗೆ ಅರ್ಧ ಮಾತು ಕೊಟ್ಟು, ಉಳಿದ ಅರ್ಧವನ್ನು ಸೊಸೆಗೆ ಹೇಳಿದರು:

“ಯುಗಾದಿ ತನಕ ಖೋಲಿ ನಿಂದು. ಅಷ್ಟರಾಗ ಒಂದರ ವ್ಯಾಪಾರ ನೆಟ್ಟಗ ನಿಲ್ಲಬೇಕು. ನಿಲ್ಲದಿದ್ರ ಪಾಡ್ಯದ ದಿನ ಕೀಲಿ ಆ ಬೀಜದವರ ಕೈಯಾಗ.”

ಹದಿನೆಂಟು ವರ್ಷದ ಸಂಸಾರದಲ್ಲಿ ನಾದಿನಿಗೆ ತನ್ನದು ಎನ್ನುವ ಬಾಗಿಲು ಸಿಕ್ಕಿದ್ದು ಅದೊಂದೇ. ಖೋಲಿ ಹೋದರೆ ನನ್ನ ಶನಿವಾರವೂ ಹೋಗುತ್ತಿತ್ತು. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ.

ಸ್ವಭಾವದ ಪರೀಕ್ಷೆ

“ವೈನಿ, ಸಿಕ್ಕಿದ್ದ ವ್ಯಾಪಾರ ಮಾಡಬಾರದಂತ್ರಿ. ನಮ್ಮ ಸ್ವಭಾವಕ್ಕ, ನಮ್ಮ ಆಸಕ್ತಿಗೆ ಹೊಂದೋದನ್ನ ಆರಿಸ್ಕೋಬೇಕಂತ. ಫೋನಿನ್ಯಾಗ ಪರೀಕ್ಷಾ ಐತಿ,” ಎಂದು ನಾದಿನಿ ಒಂದು ಶನಿವಾರ ನನ್ನನ್ನು ಎದುರಿಗೆ ಕೂರಿಸಿಕೊಂಡಳು. ಪ್ರಶ್ನೆಗಳನ್ನು ನಾನು ಗಟ್ಟಿಯಾಗಿ ಓದಬೇಕು, ಅವಳು ಉತ್ತರ ಹೇಳಬೇಕು.

“ನೀವು ಒಬ್ಬರೇ ಕೆಲಸ ಮಾಡಲು ಬಯಸುತ್ತೀರೋ, ತಂಡದಲ್ಲಿಯೋ?”

“ಒಬ್ಬಾಕಿನ,” ಎಂದಳು ನಾದಿನಿ.

“ಒಬ್ಬಾಕಿನ ಹ್ಯಾಂಗ ಮಾಡ್ತಿ? ಮಾತಾಡಾಕ ಯಾರರ ಬೇಕಲಾ,” ಎಂದು ಒಳಗಿನಿಂದ ಅತ್ತೆಯ ದನಿ ಬಂತು.

“ನೀವು ತೆಗೆದುಕೊಂಡ ನಿರ್ಧಾರವನ್ನು ಬದಲಿಸುತ್ತೀರಾ?”

“ಯಾವಾಗಾರ ಒಮ್ಮೆ.”

“ಮುಂಜಾನಿ ಉಪ್ಪಿಟ್ಟು ಅಂದಾಕಿ ಅವಲಕ್ಕಿ ಮಾಡಿದ್ಲು,” ಎಂದಿತು ಒಳಗಿನ ದನಿ.

“ಯಾರಾದರೂ ನಿಮ್ಮನ್ನು ಟೀಕಿಸಿದರೆ ಹೇಗೆ ಸ್ವೀಕರಿಸುತ್ತೀರಿ?”

ನಾದಿನಿ ಬಾಗಿಲಿನ ಕಡೆ ತಿರುಗಿ, ನನಗೂ ಕೇಳಿಸುವಂತೆ, “ಟೀಕಾ ಮಾಡೋರು ಅಡಿಗಿಮನಿಯಾಗ ಇದ್ರ ಏನ ಮಾಡಬೇಕು ಅಂತ ಕೇಳ್ಯಾರೇನ್ರಿ ಅದರಾಗ?” ಎಂದಳು. ಅಂಥ ಆಯ್ಕೆ ಇರಲಿಲ್ಲ.

ಕೊನೆಗೆ ಫಲಿತಾಂಶ ಬಂತು. ನಾದಿನಿ ಶಾಂತ ಸ್ವಭಾವದವಳು, ಏಕಾಂತಪ್ರಿಯೆ, ಲೆಕ್ಕಪತ್ರದ ಕೆಲಸ ಅವಳಿಗೆ ತಕ್ಕದ್ದು ಎಂದಿತ್ತು. ಅವಳಿಗೆ ಸಿಟ್ಟು ಬಂದು, ಪರೀಕ್ಷೆಯೇ ಸುಳ್ಳು ಎಂದು ಸಾಬೀತು ಮಾಡಲು ಫೋನನ್ನು ನನ್ನ ಕೈಗೆ ಕೊಟ್ಟಳು. ನಾನು ಪ್ರತಿ ಪ್ರಶ್ನೆಯನ್ನೂ ಎರಡು ಸಲ ಓದಿ ಉತ್ತರಿಸಿದೆ. ಎರಡು ಪ್ರಶ್ನೆಗಳಲ್ಲಿ ಕಾಗುಣಿತ ತಪ್ಪಿತ್ತು, ಅದನ್ನು ತಿಳಿಸಲು ಜಾಗವಿರಲಿಲ್ಲ. ಫಲಿತಾಂಶ: “ನಿಮ್ಮ ದೊಡ್ಡ ಶಕ್ತಿ ಮಾತು. ಅಪರಿಚಿತರೊಂದಿಗೆ ದಿನವಿಡೀ ಹರಟುವ ಉದ್ಯೋಗ ಆರಿಸಿಕೊಳ್ಳಿ.”

“ಸುಳ್ಳಲ್ಲ ಬಿಡ್ರಿ ವೈನಿ,” ಎಂದಳು ನಾದಿನಿ. “ಈ ವಾರದಾಗ ನೀವು ಇಷ್ಟೊತ್ತು ಮಾತಾಡಿದ್ದು ಈ ಫೋನಿನ ಜೋಡಿನ.”

ಬಣ್ಣದ ಭರವಸೆ

ಪರೀಕ್ಷೆಯನ್ನು ಬದಿಗಿಟ್ಟು ಆಸಕ್ತಿಯನ್ನು ಹಿಡಿದಳು. ಅವಳ ಆಸಕ್ತಿ ಸೀರೆ. ಸಗಟು ವ್ಯಾಪಾರಿಯೊಬ್ಬ ಫೋನಿಗೆ ಸೀರೆಗಳ ಚಿತ್ರ ಕಳಿಸುತ್ತಿದ್ದ. ಅವನ್ನು ಇವಳು ತನ್ನ ಗುಂಪಿನ ಹೆಂಗಸರಿಗೆ ತೋರಿಸಿ ಮಾರಬೇಕು. ಸೀರೆ ಅವನ ಅಂಗಡಿಯಿಂದಲೇ ಹೋಗುತ್ತದೆ, ಇವಳಿಗೆ ದಲಾಲಿ. ಇದಕ್ಕಿಂತ ಸರಳವಾದ ಕೆಲಸ ಇರಲಿಕ್ಕಿಲ್ಲ ಎಂದು ನಾನೂ ಅಂದುಕೊಂಡಿದ್ದೆ.

ಆದರೆ ನಾದಿನಿಗೆ ಸೀರೆಯ ಮೇಲೆ ಎಷ್ಟು ಆಸಕ್ತಿಯೋ, ಅಭಿಪ್ರಾಯವೂ ಅಷ್ಟೇ ಇತ್ತು.

ರಾಣೇಬೆನ್ನೂರಿನ ಒಬ್ಬ ಹೆಣ್ಣುಮಗಳು ಹಳದಿ ಸೀರೆಯ ಚಿತ್ರ ನೋಡಿ ಫೋನು ಮಾಡಿದರು. “ಇದು ನನಗ ಒಪ್ಪತೈತೇನ್ರಿ?”

“ನಿಮ್ಮ ಫೋಟೊ ಕಳಸ್ರಿ, ಹೇಳ್ತೇನಿ.”

ಫೋಟೊ ಬಂತು. ನಾದಿನಿ ಅದನ್ನು ಹಿಗ್ಗಿಸಿ, ಕುಗ್ಗಿಸಿ ನೋಡಿದಳು. “ಒಪ್ಪಂಗಿಲ್ರಿ. ಈ ಫೋಟೊದಾಗ ಉಟ್ಟೀರಲಾ ನೀಲಿದು, ಅದ ನಿಮಗ ಭಾಳ ಚಂದ ಐತಿ. ಅದನ್ನ ಉಡ್ರಿ.”

ಆ ಹೆಣ್ಣುಮಗಳು ಸಂತೋಷದಿಂದ ಫೋನಿಟ್ಟರು. ಸಂಜೆ ಮತ್ತೊಬ್ಬರು ತಮ್ಮ ಮಗಳ ಸೀಮಂತಕ್ಕೆ ಸೀರೆ ಕೇಳಿದರು. “ನಾಕು ತಾಸು ಉಡೋದಕ್ಕ ಇಷ್ಟು ಭಾರದ್ದು ಯಾಕ್ರಿ? ಬಸುರಿ ಹುಡುಗಿ, ಸೆಕೆ ಬ್ಯಾರೆ. ಹತ್ತಿ ಸೀರಿ ಉಡಸ್ರಿ,” ಎಂದಳು. ಹತ್ತಿ ಸೀರೆ ಅವಳ ಬಳಿ ಇರಲಿಲ್ಲ. ಯಾವ ಅಂಗಡಿಯಲ್ಲಿ ಸಿಗುತ್ತದೆ ಎಂದೂ ತಿಳಿಸಿದಳು.

ವಾರದೊಳಗೆ ಗುಂಪಿನಲ್ಲಿ ಅವಳ ಹೆಸರು ಪ್ರಸಿದ್ಧವಾಯಿತು. ಬೇರೆಯವರ ಹತ್ತಿರ ಸೀರೆ ಕೊಳ್ಳುವ ಮೊದಲು ಇವಳ ಸಲಹೆ ಕೇಳುವ ರೂಢಿ ಬಂತು. ವ್ಯಾಪಾರಿ ಸಿಟ್ಟಿಗೆದ್ದು, ಕನಿಷ್ಠ ಒಂದು ಸೀರೆಯನ್ನಾದರೂ ಹೊಗಳಿ ಎಂದು ಅಂಗಲಾಚಿದ. ನಾದಿನಿ ಒಪ್ಪಿದಳು. ಮೆರೂನ್ ಬಣ್ಣದ ಒಂದು ಸೀರೆಯನ್ನು ಆರಿಸಿ ಕ್ಯಾಮೆರಾದ ಮುಂದೆ ಬಾಯಿ ತುಂಬ ಹೊಗಳಿದಳು. ಅದು ಅವಳಿಗೆ ನಿಜಕ್ಕೂ ಹಿಡಿಸಿತ್ತು. ಕೂಡಲೇ ಒಬ್ಬರು ಕೇಳಿದರು, “ತೊಳದ್ರ ಬಣ್ಣ ಹೋಗತೈತೇನ್ರಿ?”

ನಾದಿನಿ ಪಾಪ, ಅವರನ್ನು ಸಮಾಧಾನ ಮಾಡಲೆಂದೇ ಹೇಳಿದಳು: “ಏನ ಚಿಂತಿ ಮಾಡಬ್ಯಾಡ್ರಿ. ಎರಡ ಸಲ ಹೋಗತೈತಿ. ಆಮ್ಯಾಲ ಹೋಗಾಕ ಅದರಾಗ ಬಣ್ಣ ಉಳಿಯಂಗಿಲ್ಲ.”

ತುಂಬಲಾರದ ನಷ್ಟ

ಆಮೇಲೆ ನನ್ನ ಸರದಿ ಬಂತು. “ನಿಮ್ಮ ಸ್ವಭಾವಕ್ಕ ಬರವಣಿಗಿ ಹೊಂದತೈತ್ರಿ ವೈನಿ. ನೀವು ಬರೀರಿ, ಗಿರಾಕಿ ನಾ ಹಿಡೀತೇನಿ,” ಎಂದು ನಾದಿನಿ ತನ್ನ ಪುಟದಲ್ಲಿ ‘ಅಕ್ಕೋರ ಬರಹ ಸೇವೆ’ ಎಂಬ ಜಾಹೀರಾತು ಹಾಕಿಬಿಟ್ಟಳು. ನಮ್ಮ ಕಡೆ ಶಿಕ್ಷಕಿಗೆ ಅಕ್ಕೋರು ಎನ್ನುತ್ತಾರೆ. ಹುಟ್ಟುಹಬ್ಬದ ಹಾರೈಕೆ, ಗೃಹಪ್ರವೇಶದ ಕರೆಯೋಲೆ, ಶ್ರದ್ಧಾಂಜಲಿ, ಏನು ಬೇಕಾದರೂ ಬರೆದುಕೊಡಲಾಗುವುದು.

ಮೊದಲ ಗಿರಾಕಿ ಕರ್ಜಗಿಯ ಒಬ್ಬ ಅಂಗಡಿಕಾರ. ಅವನ ಅಜ್ಜ ತೀರಿಕೊಂಡಿದ್ದರು. ಬ್ಯಾನರಿಗೆ ಮತ್ತು ಫೋನಿನಲ್ಲಿ ಕಳಿಸಲು ನಾಲ್ಕು ಸಾಲು ಬೇಕಾಗಿತ್ತು.

“‘ಅಜಾತಶತ್ರು’ ಅಂತ ಶುರು ಮಾಡ್ರಿ ಅಕ್ಕೋರ,” ಎಂದ ಫೋನಿನಲ್ಲಿ.

“ಅಜ್ಜನಿಗೆ ಯಾರ ಜೋಡಿನೂ ಜಗಳ ಇರಲಿಲ್ಲೇನು?”

“ಇತ್ರಿ. ಎಡಗಡೆ ಮನಿಯವರ ಜೋಡಿ ಗ್ವಾಡಿ ಸಂಬಂಧ. ಬಲಗಡೆಯವರ ಜೋಡಿ ನೀರಿನ ಸಂಬಂಧ.”

“ಹಂಗಾರ ಅಜಾತಶತ್ರು ಅಂತ ಬರಿಯಾಕ ಬರಂಗಿಲ್ಲ. ಶತ್ರು ಹುಟ್ಟದವನು ಅಂತ ಅದರ ಅರ್ಥ.”

ಅವನು ಯೋಚಿಸಿದ. “‘ಸದಾ ಹಸನ್ಮುಖಿ’ ಹಾಕ್ರಿ.”

“ಅವರ ಫೋಟೊ ಕಳಿಸೀಯಲಾ, ಅದ ಬ್ಯಾನರಿನ್ಯಾಗ ಬರತೈತೇನು?”

ಫೋಟೊದಲ್ಲಿ ಅಜ್ಜ ಕ್ಯಾಮೆರಾದವನನ್ನು ಹೊಡೆಯಲು ಹೊರಟವರಂತೆ ಕೂತಿದ್ದರು. ಅವನಿಗೂ ಅದು ಹೊಳೆಯಿತು. “ಹಂಗಾರ ‘ಅವರ ಅಗಲಿಕೆ ತುಂಬಲಾರದ ನಷ್ಟ’ ಅಂತರ ಬರೀರಿ. ಅದನ್ನ ಎಲ್ಲಾರೂ ಹಾಕಸ್ತಾರ.”

ಹೋದ ವರ್ಷ ಅದೇ ಸಾಲಿನ ಬ್ಯಾನರು ನಮ್ಮ ಓಣಿಯಲ್ಲೂ ಒಂದು ವಾರ ಇತ್ತು. ಅದರಲ್ಲಿ ‘ನಷ್ಟ’ವನ್ನು ‘ನಸ್ಟ’ ಎಂದು ಬರೆದಿದ್ದರು. ತಿದ್ದಿಸಬೇಕೆಂದು ದಿನವೂ ಅಂದುಕೊಂಡೆ, ಹತ್ತಿರ ಹೋಗಲಿಕ್ಕೆ ಆಗಲಿಲ್ಲ.

“ಅಂಗಡಿ ಈಗ ಯಾರು ನೋಡ್ಕೊಂತಾರ?” ಎಂದು ಕೇಳಿದೆ.

“ನಾನ ರಿ.”

“ಹೊಲ?”

“ನಮ್ಮಪ್ಪ.”

“ಅಜ್ಜ ಕೂಡ್ತಿದ್ದ ಕುರ್ಚಿ?”

“ಅದರಾಗ ನಾನ ಕುಂತೇನ್ರಿ ಈಗ.”

ಆದ್ದರಿಂದ ಅದನ್ನೂ ಬಿಟ್ಟು, ಇನ್ನೆರಡು ಪ್ರಶ್ನೆ ಕೇಳಿ, ನಿಜವೆಂದು ಖಾತ್ರಿಯಾದದ್ದನ್ನು ಮಾತ್ರ ಬರೆದೆ: ‘ತೂಕದಲ್ಲಿ ಎಂದೂ ಮೋಸ ಮಾಡದವರು. ಮಾತಿನಲ್ಲಿ ಯಾರಿಗೂ ರಿಯಾಯಿತಿ ಕೊಡದವರು. ಇಬ್ಬರು ನೆರೆಯವರ ಹೊರತು ಉಳಿದೆಲ್ಲರೂ ಇವರನ್ನು ನೆನೆಯುತ್ತಾರೆ.’

ಮರುದಿನ ಅವನು ಫೋನು ಮಾಡಿದ. “ಅಕ್ಕೋರ, ನೀವು ಬರದದ್ದನ್ನ ಮನ್ಯಾಗ ಓದಿದ್ನಿರಿ. ನಮ್ಮಮ್ಮ ಅತ್ಲು. ಖರೇನ ಅಜ್ಜನ ನೋಡಿದಂಗ ಆತು ಅಂತ.”

“ಹಂಗಾರ ಹಾಕಸು.”

“ಹೆದರಿಕಿ ಬರತೈತ್ರಿ. ಇದನ್ನ ಹಾಕಿಸಿದ್ರ ಅಜ್ಜ ಎದ್ದು ಬಂದು ಬಲಗಡೆ ಮನಿಯವರನ್ನ ಕೇಳ್ತಾನ, ‘ನೆನಸಂಗಿಲ್ಲೇನ ನನ್ನ?’ ಅಂತ.”

ಒಳಗಿನ ದನಿ

ಚಳಿಗಾಲದಲ್ಲಿ ನಾದಿನಿ ಅಡುಗೆಯ ವಿಡಿಯೊ ಶುರು ಮಾಡಿದಳು. ಮೊದಲ ದಿನ ಕೆಂಪು ಮೆಣಸಿನಕಾಯಿ ಚಟ್ನಿ. ಸ್ಟ್ಯಾಂಡಿಗೆ ಫೋನು ಸಿಕ್ಕಿಸಿ ಅಡುಗೆಮನೆಯಲ್ಲಿ ನಿಂತಳು. ಫೋನಿನ ಹಿಂದೆ ನಾನು. ದೇವರ ಮನೆಯಲ್ಲಿ ಅತ್ತೆ.

“ನಮಸ್ಕಾರ್ರಿ ಎಲ್ಲಾರಿಗೂ. ಮೊದಲ ಒಂದ ಚಮಚಾ ಉಪ್ಪು ಹಾಕ್ಕೋಬೇಕು.”

“ನಿನ್ನಿ ಸಾರಿಗೆ ಹಾಕಿದ್ಯಲಾ ಚಮಚಾ, ಅದ ಏನು?” ಎಂದಿತು ದೇವರ ಮನೆ.

ನಾದಿನಿ ನಗುನಗುತ್ತಲೇ ಮುಂದುವರಿದಳು. “ಬಳ್ಳೊಳ್ಳಿ ಹತ್ತು ಎಸಳು.”

“ತವರುಮನಿಯಾಗ ಹತ್ತು ಹಾಕ್ತಾರೇನು? ಇಲ್ಲಿ ಆರು.”

ಆ ದನಿಯನ್ನು ಕತ್ತರಿಸಿ ತೆಗೆಯುವುದು ನಮಗಿಬ್ಬರಿಗೂ ಗೊತ್ತಿರಲಿಲ್ಲ, ಹಾಗೆಯೇ ಹಾಕಿದೆವು. ನೋಡಿದವರು ಬರೆದರು. ಚಟ್ನಿಯ ಬಗ್ಗೆ ಒಬ್ಬರೂ ಬರೆದಿರಲಿಲ್ಲ. ‘ಒಳಗಿನಿಂದ ಮಾತಾಡುವವರು ಯಾರು?’ ‘ಆ ಅಜ್ಜಿಯನ್ನು ತೋರಿಸಿ.’ ‘ನಮ್ಮ ಅತ್ತೆಯ ದನಿ ನಿಮ್ಮ ಮನೆಗೆ ಹೇಗೆ ಬಂತು?’

ಅತ್ತೆಗೆ ಓದಿ ಹೇಳಿದೆವು. “ನನ್ನ ಯಾಕ ನೋಡಬೇಕಂತ ಮಂದಿ? ನಾಚಿಕಿಗೇಡು,” ಎಂದು ಬೈದು ಒಳಗೆ ಹೋದರು. ಮುಂದಿನ ಶನಿವಾರ ನಾನು ಹೋದಾಗ ಅವರು ಇಳಕಲ್ ಸೀರೆ ಉಟ್ಟು, ತಲೆಯ ಮೇಲೆ ಸೆರಗು ಹೊದ್ದು, ಸ್ಟ್ಯಾಂಡಿನ ಎದುರಿನ ಕುರ್ಚಿಯಲ್ಲಿ ಬೆಳಗಿನಿಂದ ಕೂತಿದ್ದರು.

ನಾನು ಫೋನು ಚಾಲು ಮಾಡಿದೆ. “ಮಾತಾಡ್ರಿ ಅತ್ತಿ,” ಎಂದಳು ನಾದಿನಿ. ಅತ್ತೆ ಮಾತಾಡಲಿಲ್ಲ. “ಬಳ್ಳೊಳ್ಳಿ ಎಷ್ಟ ಹಾಕಬೇಕ್ರಿ?” ಉತ್ತರವಿಲ್ಲ. “ಉಪ್ಪು?” ಅತ್ತೆ ಕಣ್ಣು ಮಿಟುಕಿಸದೆ ಫೋನನ್ನೇ ನೋಡುತ್ತ ಮೂರು ನಿಮಿಷ ಕೂತರು. ಕೊನೆಗೆ ನಾನು ನಿಲ್ಲಿಸಿದೆ. ಇದನ್ನು ಅಳಿಸಿಬಿಡಲೇ ಎಂದು ಕೇಳಿದೆ.

ನಾದಿನಿ ಓಡಿಬಂದು ಫೋನು ಕಸಿದುಕೊಂಡಳು. “ಬ್ಯಾಡ್ರಿ ವೈನಿ! ನಾ ಈ ಮನಿಗೆ ಬಂದಾಗಿಂದ ಅತ್ತಿ ಮೂರು ನಿಮಿಷ ಸುಮ್ನ ಕುಂತದ್ದು ಇದ ಮೊದಲು. ಇದನ್ನ ನಾ ಇಟ್ಕೊಂತೇನಿ.”

ಕೆಂಪು ಮತ್ತು ಖಾರ

ಹೊರಗೆ ಊರಿಗೆ ಊರೇ ಮೆಣಸಿನಕಾಯಿಯ ಹಂಗಾಮಿನಲ್ಲಿ ಮುಳುಗಿತ್ತು. ನಾದಿನಿಯ ಗಂಡ ಮಾರುಕಟ್ಟೆಯ ದಲಾಲಿ ಅಂಗಡಿಯೊಂದರಲ್ಲಿ ಗುಮಾಸ್ತ. ದಿನವೂ ಅಂಗಿಯ ತುಂಬ ಕೆಂಪು ಧೂಳು ಹೊತ್ತು ಮನೆಗೆ ಬರುತ್ತಿದ್ದ. ಹಾವೇರಿಯಿಂದ ಬರುವ ನನ್ನ ಬಸ್ಸಿನಲ್ಲಿ ಊರು ಹತ್ತಿರವಾದಂತೆ ಕಂಡಕ್ಟರ್ ಸೀನುತ್ತಲೇ ಟಿಕೆಟ್ ಕೊಡುತ್ತಿದ್ದ. ಆದರೂ ಮೆಣಸಿನಕಾಯಿ ಪುಡಿ ಮಾರಬಹುದು ಎಂದು ನಮಗೆ ಹೊಳೆದದ್ದು ಉಳಿದ ವ್ಯಾಪಾರಗಳೆಲ್ಲ ಮುಗಿದ ಮೇಲೆ. ಬ್ಯಾಡಗಿಯಲ್ಲಿದ್ದು ಮೆಣಸಿನಕಾಯಿಯ ಬಗ್ಗೆ ಯೋಚಿಸುವುದು ಉಸಿರಾಟದ ಬಗ್ಗೆ ಯೋಚಿಸಿದ ಹಾಗೆ.

ಈ ವ್ಯಾಪಾರ ನಾದಿನಿಯ ಸ್ವಭಾವಕ್ಕೆ ಹೊಂದಿತು. ಕಾಯಿ ಒಳ್ಳೆಯದು, ತೊಟ್ಟು ಬಿಡಿಸುವುದು ಅವಳೇ, ಗಿರಣಿಯಲ್ಲಿ ಎದುರಿಗೆ ನಿಂತು ಪುಡಿ ಮಾಡಿಸುವುದೂ ಅವಳೇ. ಹೀಗಾಗಿ ಸುಳ್ಳು ಹೇಳುವ ಪ್ರಸಂಗವೇ ಬರುತ್ತಿರಲಿಲ್ಲ. ಬೆಂಗಳೂರು, ಮೈಸೂರು ಕಡೆಯಿಂದ ಒಂದೊಂದೇ ಬೇಡಿಕೆ ಬರತೊಡಗಿತು. ಆದರೆ ನಿಧಾನ. ಯುಗಾದಿ ಹತ್ತಿರವಾಗುತ್ತಿತ್ತು. ಬೀಜದ ಏಜೆಂಟರು ಒಮ್ಮೆ ಹೊರಗಿನಿಂದಲೇ ಖೋಲಿಯ ಕಿಟಕಿಯ ಅಳತೆ ತೆಗೆದುಕೊಂಡು ಹೋದರು, ಪರದೆಗಂತೆ. ಅಂದು ನಾದಿನಿ ಊಟ ಮಾಡಲಿಲ್ಲ.

ಬೆಂಗಳೂರಿನ ಒಬ್ಬ ಗಿರಾಕಿ ಮಾತ್ರ ಪುಟದಲ್ಲಿ ದೂರು ಬರೆದರು: ‘ಪುಡಿ ಬಣ್ಣಕ್ಕೆ ಬಹಳ ಕೆಂಪಗಿದೆ. ಖಾರವೇ ಇಲ್ಲ.’

ಬ್ಯಾಡಗಿಯ ಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರಕ್ಕಲ್ಲ. ಇದನ್ನು ಸೌಮ್ಯವಾಗಿ ವಿವರಿಸಿ ನಾನು ಐದು ಸಾಲಿನ ಉತ್ತರ ಬರೆದಿಟ್ಟೆ. ನಾದಿನಿಗೆ ಅದು ಉದ್ದವಾಯಿತು. ತಾನೇ ಉತ್ತರಿಸಿದಳು: ‘ನಮ್ಮಲ್ಲಿ ಬಣ್ಣ ಮಾತ್ರ ಕಳಿಸ್ತೇವ್ರಿ. ಖಾರ ಬೇಕಂದ್ರ ಹೇಳ್ರಿ, ಫೋನ್ ನಮ್ಮತ್ತಿ ಕೈಯಾಗ ಕೊಡ್ತೇನಿ.’

ಹೆಚ್ಚಾಗಿದೆ

ಯುಗಾದಿಗೆ ಹದಿನೈದು ದಿನ ಇರುವಾಗ ಒಂದು ಶುಕ್ರವಾರ ಶಾಲೆಗೆ ಸ್ಥಳೀಯ ರಜೆ ಇತ್ತು. ನಾನು ಬ್ಯಾಡಗಿಗೆ ಹೋದೆ. ಮಾಡಿಸಿದ ಪುಡಿಯೆಲ್ಲ ಅಂದಿಗೆ ಖರ್ಚಾಗಿತ್ತು. ಹೊಸ ಕಾಯಿ ಬರುವವರೆಗೆ ಗಿರಾಕಿಗಳು ಕಾಯಬೇಕು. ನಾದಿನಿ ಫೋನಿನಲ್ಲಿ ಬರೆದು, ಕಳಿಸುವ ಮೊದಲು ನನಗೆ ತೋರಿಸಿದಳು:

‘ಖಾರದ ಪುಡಿ ಹೆಚ್ಚಾಗೈತಿ. ಎಲ್ಲಾರೂ ಗಮನಿಸರಿ.’

ನಾನು ‘ಹೆಚ್ಚಾಗಿದೆ’ ಎಂದು ತಿದ್ದಿದೆ. ‘ಎಲ್ಲರೂ’ ಎಂದು ತಿದ್ದಿದೆ. ‘ಗಮನಿಸಿ’ ಎಂದು ತಿದ್ದಿದೆ. ವ್ಯಾಕರಣದ ದೃಷ್ಟಿಯಿಂದ ಆ ಎರಡು ವಾಕ್ಯಗಳಲ್ಲಿ ಈಗ ಒಂದು ತಪ್ಪೂ ಇರಲಿಲ್ಲ. ನಾದಿನಿ ಕಳಿಸಿದಳು.

ನಮ್ಮ ಕಡೆ ಮನೆಯ ವಸ್ತು ಮುಗಿದರೆ ಇಲ್ಲ ಎನ್ನುವುದಿಲ್ಲ. ಅಕ್ಕಿ, ಉಪ್ಪು, ಎಣ್ಣೆ, ಕುಂಕುಮ, ಯಾವುದು ತೀರಿದರೂ ‘ಹೆಚ್ಚಾಗೈತಿ’ ಎನ್ನಬೇಕು. ಇಲ್ಲ ಎಂದರೆ ಲಕ್ಷ್ಮಿ ಕೇಳಿಸಿಕೊಂಡು ಎದ್ದು ಹೋಗುತ್ತಾಳೆ ಎಂದು ಹಿರಿಯರ ನಂಬಿಕೆ. ಬಳೆ ಒಡೆದರೂ ಹೆಚ್ಚಿತು ಎಂದೇ ಹೇಳುವುದು. ನಮ್ಮ ಮನೆಯವರು ತಿಂಗಳ ಕೊನೆಯ ವಾರ ಚೀಲ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತು, “ಇವತ್ತ ನಮ್ಮ ಮನ್ಯಾಗ ಏನೇನ ಹೆಚ್ಚಾಗೈತಿ, ಹೇಳು. ಇಷ್ಟು ಶ್ರೀಮಂತರ ಮನಿ ಹಾವೇರಿಯಾಗ ಇನ್ನೊಂದಿಲ್ಲ,” ಎನ್ನುತ್ತಿದ್ದರು. ಮನುಷ್ಯರ ವಿಷಯಕ್ಕೆ ಮಾತ್ರ ಆ ಮಾತು ನಡೆಯುವುದಿಲ್ಲ. ಅವರಿಗೆ ಇಲ್ಲ ಎಂದೇ ಹೇಳಬೇಕಾಗುತ್ತದೆ.

ಅರ್ಧ ತಾಸಿನಲ್ಲಿ ಫೋನು ಬಡಿದುಕೊಳ್ಳಲು ಶುರುವಾಯಿತು.

“ಮೇಡಂ, ಬೆಂಗಳೂರಿಂದ. ಖಾರದ ಪುಡಿ ಜಾಸ್ತಿ ಆಗಿದೆಯಂತಲ್ಲ, ನಮಗೆ ಐದು ಕೆಜಿ ಇರಲಿ.”

“ಇಲ್ರೀ, ಅದು ಹೆಚ್ಚಾಗೈತಿ,” ಎಂದಳು ನಾದಿನಿ.

“ಅದೇ ಮೇಡಂ. ಹೆಚ್ಚಾಗಿರೋದನ್ನೇ ಕೇಳ್ತಿರೋದು.”

“ಹೆಚ್ಚಾಗಿದ್ದನ್ನ ಹ್ಯಾಂಗ ಕೊಡಾಕ ಬರತೈತ್ರಿ?”

“ಹೆಚ್ಚಾಗದೇ ಇರೋದನ್ನು ಹೇಗೆ ಕೊಡ್ತೀರಿ ಮೇಡಂ?”

ನಾದಿನಿ ಫೋನನ್ನು ನನ್ನ ಕೈಗೆ ತುರುಕಿದಳು. ಹೊರಗಿನವರಿಗೆ ತಿಳಿಯುವಂತೆ ನಾನು ನಿಧಾನವಾಗಿ, ಪಾಠದ ಹಾಗೆ ಹೇಳಿದೆ: “ನೋಡಿ, ನಮ್ಮಲ್ಲಿ ಹೆಚ್ಚಾಗಿದೆ ಎಂದರೆ ಮುಗಿದಿದೆ ಎಂದರ್ಥ.”

“ಹಾಗಾದ್ರೆ ನಿಮ್ಮಲ್ಲಿ ರೇಟು ಹೆಚ್ಚಾಗಿದೆ ಅಂದ್ರೆ?”

“ಅದು ಹೆಚ್ಚೇ.”

“ಆಯ್ತು ಮೇಡಂ, ನಿಮಗೆ ಹೇಗೆ ಅನುಕೂಲವೋ ಹಾಗೆ. ಐದು ಕೆಜಿ ಬರೆದುಕೊಳ್ಳಿ.”

ಹೀಗೆಯೇ ಮೈಸೂರು, ಹೀಗೆಯೇ ತುಮಕೂರು. ಮಾಲು ಉಳಿದುಹೋಗಿದೆ, ಬಡವಿ ಹೆಂಗಸು, ಕೊಳ್ಳೋಣ ಎಂದು ಯಾರೋ ಪುಣ್ಯಾತ್ಮರು ಆ ಸಾಲನ್ನು ತಮ್ಮ ಅಪಾರ್ಟ್‌ಮೆಂಟಿನ ಗುಂಪಿಗೂ ಹಾಕಿದ್ದರು. ಸಂಜೆಯ ಹೊತ್ತಿಗೆ ನಾದಿನಿ ಅಳುವ ಹಾಗಾಗಿದ್ದಳು. ಡಬ್ಬಿಗಳೆಲ್ಲ ಬರಿದು, ಬೇಡಿಕೆ ಮಾತ್ರ ಖೋಲಿ ತುಂಬುವಷ್ಟು.

“ಸಾಕು ವೈನಿ. ‘ಪುಡಿ ಇಲ್ಲ’ ಅಂತ ಚೊಕ್ಕ ಬರದುಬಿಡ್ತೇನಿ.”

ಅಡುಗೆಮನೆಯಿಂದ ಅತ್ತೆ ಹಿಟ್ಟಿನ ಕೈಯಲ್ಲೇ ಹೊರಗೆ ಬಂದರು. “ಏನಂದಿ? ಶುಕ್ರವಾರ, ದೀಪಾ ಹಚ್ಚೋ ಹೊತ್ತು! ನನ್ನ ಮನಿಯಿಂದ ‘ಇಲ್ಲ’ ಅನ್ನೋ ಮಾತು ಹೊರಗ ಹೋಗಬಾರದು.”

“ಬಾಯಿಲೆ ಅನ್ನಂಗಿಲ್ರಿ ಅತ್ತಿ, ಫೋನಿನ್ಯಾಗ ಬರೀತೇನಿ.”

“ಲಕ್ಷ್ಮಿಗೆ ಓದಾಕ ಬರಂಗಿಲ್ಲ ಅಂತ ತಿಳದಿಯೇನು?”

“ಮತ್ತ ಮಂದಿಗೆ ಏನ ಹೇಳ್ಲಿ?”

“ಕೊಡ್ತೇವಿ ಅನ್ನು.”

“ಎಲ್ಲಿಂದ ಕೊಡ್ಲಿ?”

ಅತ್ತೆ ಹಿಟ್ಟಿನ ಕೈ ತೊಳೆದರು. ದೀಪ ಹಚ್ಚಿದರು, ಕೈ ಮುಗಿದರು, ಮಾರುಕಟ್ಟೆಯಿಂದ ಬಂದ ಮಗನನ್ನು ಚಪ್ಪಲಿ ಬಿಡಲೂ ಬಿಡದೆ ತಿರುಗಿ ಕಾಯಿ ತರಲು ಕಳಿಸಿದರು. ಮರುದಿನ ಚೀಲಗಳು ಬಂದವು. ಇಳಿಸಲು ಬೇರೆ ಜಾಗವಿರಲಿಲ್ಲ, ಮುಂದಿನ ಖೋಲಿಯಲ್ಲಿ ಸುರಿದರು. ಅತ್ತೆಯೂ ಅಲ್ಲೇ ಬಂದು ಕೂತು ತೊಟ್ಟು ಬಿಡಿಸತೊಡಗಿದರು. ಓಣಿಯ ನಾಲ್ವರು ಹೆಂಗಸರು ಜೊತೆಗೂಡಿದರು. ಫೋನು ಬಂದರೆ ಅತ್ತೆಯೇ ಎತ್ತಿ, “ಯಾವೂರ್ರಿ? ಮನ್ಯಾಗ ಎಷ್ಟ ಮಂದಿ? ಅಷ್ಟಕ್ಕ ಒಂದ ಕಿಲೋ ಯಾತಕ್ಕ ಸಾಲತೈತಿ?” ಎಂದು ಒಂದಕ್ಕೆ ಎರಡು ಬರೆಸುತ್ತಿದ್ದರು. ಎದುರಿನಿಂದ ಯಾರೂ ಬೇಡ ಎಂದದ್ದನ್ನು ನಾನು ಕೇಳಲಿಲ್ಲ.

ಆದರೂ ನಾದಿನಿಗೆ ಧೈರ್ಯವಿರಲಿಲ್ಲ. “ವ್ಯಾಪಾರ ನಿಂತೈತಿ ಅಂತ ಬಾಯಿ ಬಿಟ್ಟು ಇನ್ನೂ ಹೇಳಿಲ್ರಿ ಅವರು. ಕೀಲಿ ಇನ್ನೂ ಅವರ ಸೊಂಟದಾಗನ ಐತಿ,” ಎಂದು ನನ್ನ ಕಿವಿಯಲ್ಲಿ ಹೇಳಿದಳು.

ಯುಗಾದಿಯ ಹಿಂದಿನ ಶುಕ್ರವಾರ ಶಾಲೆ ಬಿಟ್ಟ ಕೂಡಲೇ ನಾನು ಬಸ್ಸು ಹಿಡಿದೆ. ಶನಿವಾರಕ್ಕೆ ಕಾಯಲಿಕ್ಕೆ ಆಗಲಿಲ್ಲ. ನಾನು ಹೋಗಿ ತೊಟ್ಟು ಬಿಡಿಸಲು ಕೂತೆ, ಅತ್ತೆ ಆಗಷ್ಟೇ ದೀಪ ಹಚ್ಚಿ ಬಂದು ಕೂತರು. ಅಷ್ಟರಲ್ಲಿ ಬಾಗಿಲಲ್ಲಿ ಬೀಜದ ಏಜೆಂಟರು ನಿಂತರು. ಕೈಯಲ್ಲಿ ಹೊಸ ಪರದೆಯ ಕಟ್ಟು. ಒಳಗೆ ಸೊಂಟದ ಎತ್ತರ ಮೆಣಸಿನಕಾಯಿ, ಅದರ ನಡುವೆ ಏಳು ಹೆಂಗಸರು ಕಂಡರು. ಒಂದು ಸಲ ಸೀನಿದರು.

“ಅಮ್ಮ, ಖೋಲಿ ವಿಷ್ಯ ಏನ್ ಮಾಡಿದ್ರಿ?”

ನಾದಿನಿಯ ಕೈ ನಿಂತಿತು. ನನ್ನದೂ. ಅತ್ತೆ ಕಾಯಿಯ ರಾಶಿಯನ್ನು ನೋಡಿದರು, ಸೊಸೆಯನ್ನು ನೋಡಿದರು, ಉರಿಯುತ್ತಿದ್ದ ದೀಪವನ್ನು ನೋಡಿದರು. ಸೊಂಟದಿಂದ ಕೀಲಿ ತೆಗೆದು ಸೊಸೆಯ ಉಡಿಯಲ್ಲಿ ಹಾಕಿದರು. ಆಮೇಲೆ ಏಜೆಂಟರ ಕಡೆ ತಿರುಗಿ, ಅವರಿಗೂ ಬೇಸರವಾಗಬಾರದು, ಲಕ್ಷ್ಮಿಗೂ ಕೇಳಿಸಬಾರದು ಎಂದು, ಬಹಳ ಮೆತ್ತಗೆ ಹೇಳಿದರು:

“ತಪ್ಪ ತಿಳೀಬ್ಯಾಡ್ರಿ. ಖೋಲಿ ಹೆಚ್ಚಾಗೈತಿ.”

ಏಜೆಂಟರ ಮುಖ ಅರಳಿತು. “ಅಯ್ಯೋ, ಒಳ್ಳೇದೇ ಆಯ್ತು ಬುಡಿ ತಾಯಿ! ಹಂಗಾದ್ರೆ ಎರಡು ಕೊಟ್ಬುಡಿ. ಮನೆಯವ್ರನ್ನೂ ಕರ್ಕೊಂಡ್ ಬತ್ತೀನಿ.”

ಅತ್ತೆ ನನ್ನ ಕಡೆ ತಿರುಗಿದರು.

“ಅಕ್ಕೋರ, ಇವರಿಗೆ ಕನ್ನಡ ಬರಂಗಿಲ್ಲ ಕಾಣತೈತಿ. ನೀವರ ಸ್ವಲ್ಪ ಬಿಡಿಸಿ ಹೇಳ್ರಿ.”